ಎಷ್ಟು ದೂರ ಕೇಳುತ್ತೆ? ಹೋ ಮಳೆಕಾಡಿನಲ್ಲಿ ಒಂದು ಅಲೆದಾಟ

ಕಾಡು ನೋಡಲು ಹೋಗುವುದು ಇದ್ದೇ ಇದೆ. ಈ ಸಲ ನಾನು, ಭಾವ ಇಬ್ಬರೂ ಕಾಡನ್ನು ಕೇಳಲು ಹೋಗಿದ್ದೆವು. ಜಾಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನ, ಅದರೊಳಗಿನ ಹೋ ಮಳೆಕಾಡು. ವರ್ಷಕ್ಕೆ ಮೂರೂವರೆ ಮೀಟರ್ ಹತ್ತಿರ ಮಳೆ ಬೀಳುವ ಕಣಿವೆ. 2005ರ ಏಪ್ರಿಲ್ 22, ಭೂಮಿ ದಿನದಂದು, ಗಾರ್ಡನ್ ಹೆಂಪ್ಟನ್ ಅನ್ನುವವರು ಈ ಕಾಡಿನೊಳಗೆ ಪಾಚಿ ಕಟ್ಟಿದ ಒಂದು ದಿಮ್ಮಿಯ ಮೇಲೆ ಪುಟ್ಟ ಕೆಂಪು ಕಲ್ಲು ಇಟ್ಟರು. ಊರೂರು ತಿರುಗಿ ಪ್ರಕೃತಿಯ ಸದ್ದುಗಳನ್ನು ಮುದ್ರಿಸಿಕೊಳ್ಳುವುದು ಅವರ ಕೆಲಸ. ಈ ಒಂದು ಚದರ ಇಂಚು ಜಾಗದಲ್ಲಿ ಮನುಷ್ಯರ ಗದ್ದಲ ಇರಬಾರದು ಅಂದರು. ಲೆಕ್ಕ ಸರಳ. ಒಂದು ಇಂಚನ್ನು ಗದ್ದಲವಿಲ್ಲದೆ ಕಾಪಾಡಬೇಕೆಂದರೆ ಸುತ್ತ ಮೈಲಿಗಟ್ಟಲೆ ಯಾರೂ ಗದ್ದಲ ಮಾಡುವಂತಿಲ್ಲ, ಯಾಕೆಂದರೆ ಸದ್ದಿಗೆ ಬೇಲಿ ಹಾಕಲು ಆಗುವುದಿಲ್ಲ.

ಆ ಕಲ್ಲಿನ ತನಕ ನಡೆದು ಹೋಗಿ ಸುಮ್ನೆ ಕೂರಬೇಕು ಅನ್ನುವುದು ನನ್ನ ಆಸೆ. ಭಾವನಿಗೆ ಅಂಥ ಆಸೆಯೇನೂ ಇರಲಿಲ್ಲ. ಸಿಯಾಟಲ್ ಪಕ್ಕದಲ್ಲಿ ಬಹಳ ವರ್ಷದಿಂದ ಇದ್ದಾರೆ, ಅರವತ್ತರ ಹತ್ತಿರದ ವಯಸ್ಸು, ಮಾತು ಜಾಸ್ತಿ, ಕಾರಿನಲ್ಲಿ ರೇಡಿಯೊ ಹಾಕದೆ ಒಂದು ಮೈಲಿ ಹೋದವರಲ್ಲ. "ಅಲ್ಲಯ್ಯಾ, ಏನೂ ಕೇಳಿಸದೆ ಇರೋದನ್ನ ಕೇಳೋಕೆ ಇಷ್ಟು ದೂರ ಕಾರು ಓಡಿಸಬೇಕಾ?" ಅಂತ ನಗುತ್ತಲೇ ಬ್ಯಾಗು ತುಂಬಿದರು.

ಗುರುವಾರ

ಬೆಳಗ್ಗೆ ಫೆರಿ ಹತ್ತಿ ಆಚೆ ದಡ ಸೇರಿದೆವು. ಅಲ್ಲಿಂದ 101ನೇ ಹೆದ್ದಾರಿ. ಪೋರ್ಟ್ ಏಂಜಲಿಸ್ ದಾಟಿ, ಲೇಕ್ ಕ್ರೆಸೆಂಟ್ ಕೆರೆಯ ಅಂಚಿಗೆ ಸುತ್ತಿ, ಫೋರ್ಕ್ಸ್ ಊರು ಬಿಟ್ಟ ಮೇಲೆ ಎಡಕ್ಕೆ ಹೋ ಕಣಿವೆಯ ರಸ್ತೆ. 2024ರ ಡಿಸೆಂಬರ್‌ನಲ್ಲಿ ನದಿ ಉಕ್ಕಿ ಈ ರಸ್ತೆಯ ಒಂದು ತುಂಡು ಕೊಚ್ಚಿಕೊಂಡು ಹೋಗಿತ್ತು, 2025ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಬೇರೆ ದಾರಿ ಇಲ್ಲದ ಕಾಡು ಇದು. ಕಾರು ಹೋಗುವ ರಸ್ತೆ ಕಾಡಿನ ಬಾಗಿಲಲ್ಲೇ ಮುಗಿಯುತ್ತದೆ, ಆಮೇಲೆ ಕಾಲುದಾರಿ. ಪರ್ವತ ಸಾಲಿನ ಈ ಕಡೆಯಿಂದ ಆ ಕಡೆಗೆ ಉದ್ಯಾನವನ್ನು ಸೀಳಿಕೊಂಡು ಹೋಗುವ ರಸ್ತೆಯೇ ಇಲ್ಲ, ಹಾಗಾಗಿಯೇ ಹೆಂಪ್ಟನ್ ಈ ಜಾಗ ಆರಿಸಿದ್ದು.

ಕ್ಯಾಂಪ್ ಜಾಗ ನದಿಯ ಪಕ್ಕದಲ್ಲೇ. ಕಾರಿನಿಂದ ಇಳಿದ ತಕ್ಷಣ ಕೇಳಿದ್ದು ನೀರಿನ ಭೋರ್ಗರೆತ, ಅದೂ ಬಿಡುವಿಲ್ಲದ್ದು. ಮೌಂಟ್ ಒಲಿಂಪಸ್‌ನ ಹಿಮನದಿಗಳಿಂದ ಕರಗಿ ಬರುವ ನೀರು, ಕಲ್ಲು ಅರೆದ ನುಣ್ಣನೆ ಪುಡಿ ಕಲೆತು ಬೂದಿ ಬಣ್ಣಕ್ಕಿರುತ್ತದೆ. ಮೇ ತಿಂಗಳಲ್ಲಿ ಹಿಮ ಜೋರಾಗಿ ಕರಗುವುದರಿಂದ ಸದ್ದೂ ಜೋರು. ಭಾವ ಫೋನಿನಲ್ಲಿ ಸದ್ದು ಎಷ್ಟು ಜೋರು ಅಂತ ಡೆಸಿಬಲ್ ಲೆಕ್ಕದಲ್ಲಿ ಅಳೆಯುವ ಆ್ಯಪ್ ಹಾಕಿಕೊಂಡು ಬಂದಿದ್ದರು. ದಡದಲ್ಲಿ ನಿಂತು ತೋರಿಸಿದರು. ಅರವತ್ತು ದಾಟಿತ್ತು.

"ನಮ್ಮ ಆಫೀಸಿಗಿಂತ ಜಾಸ್ತಿ ಗಲಾಟೆ ಇಲ್ಲಿ. ಇದೇನಾ ನಿನ್ನ ಮೌನ?"

ಅಂಕಿ ಸರಿ, ಆದರೆ ಅಂಕಿ ಒಂದೇ ಸಾಲದು. ನೀರಿನ ಸದ್ದಿಗೆ ಹೊಂದಿಕೊಂಡು ಬದುಕಲು ಇಲ್ಲಿಯ ಪ್ರಾಣಿಗಳಿಗೆ ಸಾವಿರಾರು ವರ್ಷ ಸಿಕ್ಕಿದೆ. ಅದಕ್ಕೆ ಸಾಕ್ಷಿ ಅಲ್ಲೇ ಸಿಕ್ಕಿತು. ನೀರಿನ ನಡುವೆ ಒಂದು ಒದ್ದೆ ಬಂಡೆಯ ಮೇಲೆ ಬೂದು ಬಣ್ಣದ ದುಂಡನೆ ಹಕ್ಕಿ, ಮೊಣಕಾಲು ಬಗ್ಗಿಸಿ ಎದ್ದು, ಬಗ್ಗಿಸಿ ಎದ್ದು ಮಾಡುತ್ತಿತ್ತು. ಅಮೆರಿಕನ್ ಡಿಪ್ಪರ್. ಹರಿಯುವ ನೀರಿನೊಳಗೆ ಮುಳುಗಿ ತಳದಲ್ಲಿ ಹುಳ ಹುಡುಕುವ ಹಾಡುಹಕ್ಕಿ. ಸ್ವಲ್ಪ ಹೊತ್ತಿಗೆ ಹಾಡಿತು. ನದಿಯ ಸದ್ದಿನಲ್ಲಿ ತಗ್ಗಿನ ದನಿಯ ಪಾಲು ಹೆಚ್ಚು, ಡಿಪ್ಪರ್ ಹಾಡುವುದು ಅದರ ಮೇಲಿನ ಏರುದನಿಯಲ್ಲಿ, ಸೀಟಿ ಹೊಡೆದ ಹಾಗೆ, ಜೋರಾಗಿ. ಅಷ್ಟು ಭೋರ್ಗರೆತದಲ್ಲೂ ಒಂದೊಂದು ತುಣುಕೂ ಬಿಡಿಬಿಡಿಯಾಗಿ ಕೇಳಿತು. ಭಾವ ಆ್ಯಪ್ ಮುಚ್ಚಿ ನಿಂತು ಕೇಳಿದರು. ಎಷ್ಟೋ ಹೊತ್ತಿನ ತನಕ ಮಾತಾಡಲಿಲ್ಲ. ನಂಬಿ.

ಕತ್ತಲಾದ ಮೇಲೆ ನದಿಯಿಂದ ದೂರ, ಮರಗಳ ನಡುವಿನ ಒಂದು ನೀರುಗುಂಡಿಯ ಕಡೆ ಹೋದೆವು. ಕಪ್ಪೆಗಳ ಗೋಷ್ಠಿ. ಪೆಸಿಫಿಕ್ ಟ್ರೀ ಫ್ರಾಗ್, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಇಂಗ್ಲಿಷ್ ಸಿನಿಮಾಗಳಲ್ಲಿ ರಾತ್ರಿಯ ದೃಶ್ಯ ಬಂದಾಗ, ಕಥೆ ಯಾವ ಖಂಡದಲ್ಲೇ ನಡೆಯಲಿ, 'ರಿಬಿಟ್ ರಿಬಿಟ್' ಅಂತ ಕೂಗುವುದು ಇದೇ ಕಪ್ಪೆ. ಹಾಲಿವುಡ್ ಇರುವುದು ಇದರ ಸೀಮೆಯಲ್ಲಿ, ಹತ್ತಿರ ಸಿಕ್ಕ ಕಪ್ಪೆಯನ್ನೇ ಮುದ್ರಿಸಿಕೊಂಡು ಪ್ರಪಂಚದ ಎಲ್ಲ ಕಾಡಿಗೂ ಅಂಟಿಸಿದರು. ನಿಜವಾಗಿ ಈ ಥರ ಕೂಗುವ ಕಪ್ಪೆ ಪ್ರಪಂಚದಲ್ಲಿ ಬಹಳ ಇಲ್ಲ.

ಇಪ್ಪತ್ತು ಹೆಜ್ಜೆ ದೂರ ಇರುವಾಗಲೇ ಎಲ್ಲವೂ ಒಟ್ಟಿಗೆ ನಿಂತುಬಿಟ್ಟವು. ನಾವು ಟಾರ್ಚ್ ಆರಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕೂತೆವು. ಮೊದಲು ಗುಂಡಿಯ ಆಚೆ ಕಡೆ ಒಂದು, ಅರ್ಧ ಕೂಗಿ ನಿಲ್ಲಿಸಿತು. ಮತ್ತೆ ಅದೇ. ಆಮೇಲೆ ಅದರ ಪಕ್ಕದ್ದು. ದೂರದಿಂದ ಶುರುವಾಗಿ ಒಂದೊಂದಾಗಿ ನಮ್ಮ ಕಡೆಗೆ ಬಂತು. ಕಡೆಗೆ ನಮ್ಮ ಕಾಲ ಬುಡದಲ್ಲೇ ಒಂದು ಕೂಗಿದಾಗ ಭಾವ ಬೆಚ್ಚಿಬಿದ್ದರು. ನಾವು ಕೇಳಲು ಬಂದಿದ್ದೆವು ನಿಜ, ಆದರೆ ಅಷ್ಟು ಹೊತ್ತೂ ಅವು ನಮ್ಮನ್ನು ಕೇಳುತ್ತಿದ್ದವು. ನಮಗಿಂತ ಗಮನವಿಟ್ಟು.

ಶುಕ್ರವಾರ

ಬೆಳಗಿನ ಜಾವ ಐದಕ್ಕೆ ಮುಂಚೆಯೇ ಎದ್ದೆ. ಭಾವನನ್ನು ಎಬ್ಬಿಸಿದ್ದಕ್ಕೆ ಬೈಸಿಕೊಂಡೆ. ಕಾರಣ ಒಂದು ಹಕ್ಕಿ, ಮಾರ್ಬಲ್ಡ್ ಮರ್ಲೆಟ್. ಇದು ಕಡಲಹಕ್ಕಿ, ಮೀನು ಹಿಡಿದು ಬದುಕುವುದು. ಆದರೆ ಮೊಟ್ಟೆ ಇಡುವುದು ಹತ್ತಾರು ಕಿಲೋಮೀಟರ್ ಒಳಗೆ, ಹಳೇ ಕಾಡಿನ ಎತ್ತರದ ಮರದಲ್ಲಿ, ಅಗಲ ಕೊಂಬೆಯ ಮೇಲಿನ ಪಾಚಿಯ ಹಾಸಿನಲ್ಲಿ. ಒಂದೇ ಮೊಟ್ಟೆ. ಉತ್ತರ ಅಮೆರಿಕದಲ್ಲಿ ಇದರ ಗೂಡು ಎಲ್ಲಿರುತ್ತದೆ ಅಂತ ವಿಜ್ಞಾನಿಗಳಿಗೆ ಗೊತ್ತಾಗಿದ್ದು 1974ರಲ್ಲಿ, ಅದೂ ಕ್ಯಾಲಿಫೋರ್ನಿಯಾದಲ್ಲಿ ಮರ ಹತ್ತಿದ ಕೆಲಸಗಾರನೊಬ್ಬನ ಕಣ್ಣಿಗೆ ಮರಿ ಬಿದ್ದಿದ್ದರಿಂದ. ಅಲ್ಲಿಯವರೆಗೆ ಸಮುದ್ರದಲ್ಲಿ ಎಲ್ಲರೂ ನೋಡುತ್ತಿದ್ದ ಹಕ್ಕಿ ಮನೆ ಎಲ್ಲಿ ಮಾಡುತ್ತದೆ ಅನ್ನುವುದೇ ಒಗಟು.

ಸೂರ್ಯ ಹುಟ್ಟುವ ಮುಕ್ಕಾಲು ಗಂಟೆ ಮೊದಲು ಇವು ಸಮುದ್ರದಿಂದ ಕಾಡಿಗೆ ಬರುತ್ತವೆ. ಮಸುಕು ಬೆಳಕು, ವೇಗದ ಹಾರಾಟ, ಮರಗಳ ತಲೆಯ ಮೇಲೆ. ಕಣ್ಣಿಗೆ ಸಿಗುವುದು ಅದೃಷ್ಟ. ಕಾಡಿನಲ್ಲಿ ಈ ಹಕ್ಕಿ ಇದೆಯೋ ಇಲ್ಲವೋ ಎಂದು ಸಮೀಕ್ಷೆ ಮಾಡುವವರೂ ಹೀಗೇ ನಸುಕಿನಲ್ಲಿ ಕಾಡಿನ ತೆರವು ಜಾಗದಲ್ಲಿ ನಿಂತು, ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ನಂಬಿ ಲೆಕ್ಕ ಬರೆಯುತ್ತಾರೆ. 1992ರಿಂದ ಇದು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ, ಹಾಗಾಗಿ ಆ ನಸುಕಿನಲ್ಲಿ ಕೇಳಿದ ಒಂದು ಕೂಗಿನಿಂದ ಒಂದಿಡೀ ಕಾಡಿನ ಮರ ಕಡಿಯುವುದು ನಿಲ್ಲಬಹುದು. ಕಿವಿಗೆ ಇಷ್ಟು ಬೆಲೆ ಕೊಡುವ ಕೆಲಸ ಬೇರೆ ಯಾವುದಿದೆ ನನಗೆ ಹೊಳೆಯುತ್ತಿಲ್ಲ.

ನಾವು ನಿಂತೆವು. ಚಳಿ. ಮೊದಲು ವೇರೀಡ್ ಥ್ರಷ್ ಅನ್ನುವ ಹಕ್ಕಿ ಶುರು ಮಾಡಿತು. ಒಂದೇ ಸ್ವರ, ಉದ್ದಕ್ಕೆ ಎಳೆದದ್ದು, ಒಳಗೊಂದು ನಡುಕ ಇರುವಂಥದ್ದು. ಸುಮಾರು ಹೊತ್ತು ಬಿಟ್ಟು ಬೇರೆ ಶ್ರುತಿಯಲ್ಲಿ ಇನ್ನೊಂದು. ಆ ಬಿಡುವಿನಲ್ಲೇ ಮೇಲಿನಿಂದ 'ಕೀರ್, ಕೀರ್' ಅಂತ ಬಂತು, ಕಡಲಕಾಗೆಯ ಥರದ್ದೇ ತೆಳ್ಳನೆ ಕೂಗು, ಎಡದಿಂದ ಬಲಕ್ಕೆ ಹೋಗಿ ಮುಗಿಯಿತು. ತಲೆ ಎತ್ತಿದರೆ ಬರೀ ಮಂಜು. ಮತ್ತೊಮ್ಮೆ ಬಂತು. "ಸಮುದ್ರ ಎಲ್ಲಿದೆ ಇಲ್ಲಿ?" ಅಂತ ಭಾವ ಪಿಸುಗುಟ್ಟಿದರು. ಅವರ ಪಿಸುಮಾತು ಪಕ್ಕದ ಟೆಂಟಿನವರಿಗೂ ಕೇಳಿರಬೇಕು, ಅದು ಬೇರೆ ಮಾತು.

ಏಳೂವರೆಗೆ ಕಲ್ಲಿನ ಕಡೆ ನಡಿಗೆ. ಹೋ ನದಿಯ ಕಾಲುದಾರಿಯಲ್ಲಿ ಸುಮಾರು ಐದು ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು. ಎರಡೂ ಕಡೆ ಸಿಟ್ಕಾ ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳು, ಕತ್ತು ನೋಯುವಷ್ಟು ಎತ್ತರ. ಮೇಪಲ್ ಕೊಂಬೆಗಳಿಂದ ಪಾಚಿ ಜೋತುಬಿದ್ದಿರುತ್ತದೆ. ನೆಲ, ಬಂಡೆ, ಬಿದ್ದ ಮರ, ನಿಂತ ಮರ ಎಲ್ಲದರ ಮೇಲೂ ಪಾಚಿ. ಸದ್ದಿನ ಮಟ್ಟಿಗೆ ಈ ಪಾಚಿಯದ್ದು ದೊಡ್ಡ ಪಾತ್ರ. ಗಟ್ಟಿ ಗೋಡೆಗೆ ಬಡಿದ ದನಿ ವಾಪಸ್ ಬರುತ್ತದೆ, ಪಾಚಿಯ ಸಣ್ಣ ಸಣ್ಣ ತೂತುಗಳೊಳಗೆ ಹೊಕ್ಕ ದನಿ, ಮುಖ್ಯವಾಗಿ ಏರುದನಿ, ಅಲ್ಲೇ ಸವೆದು ಹೋಗುತ್ತದೆ. ಹಾಗಾಗಿ ಇಲ್ಲಿ ಮಾತಾಡಿದರೆ ಮಾತು ಬಾಯಿಯ ಮುಂದೆಯೇ ಬಿದ್ದುಹೋದ ಹಾಗಾಗುತ್ತದೆ.

ದಾರಿಯುದ್ದಕ್ಕೂ ಪೆಸಿಫಿಕ್ ರೆನ್. ತೂಕ ಹತ್ತು ಗ್ರಾಂ ಬರಬಹುದು, ಕಂದು ಬಣ್ಣ, ಬಾಲ ಮೇಲಕ್ಕೆ. ಒಂದು ಕೊಳೆತ ಬೊಡ್ಡೆಯ ಮೇಲೆ, ನನ್ನಿಂದ ನಾಲ್ಕು ಹೆಜ್ಜೆಯಲ್ಲಿ ಹಾಡಿತು. ಬಾಯಿ ಪೂರಾ ತೆರೆದು, ಇಡೀ ಮೈ ಅದುರುತ್ತಿತ್ತು. ಸ್ವರಗಳು ಎಷ್ಟು ವೇಗವಾಗಿ ಉದುರುತ್ತವೆ ಅಂದರೆ ನಮ್ಮ ಕಿವಿಗೆ ಅದು ಒಂದು ಗಿಲಕಿ. ಮುದ್ರಿಸಿ ನಿಧಾನ ಮಾಡಿ ಕೇಳಿದರೆ ಮಾತ್ರ ಒಳಗೆ ಎಷ್ಟೊಂದು ಏರಿಳಿತ ಇದೆ ಅಂತ ಗೊತ್ತಾಗುತ್ತದೆ. ಹಾಡು ಮುಗಿಸಿ ಬೊಡ್ಡೆಯಿಂದ ಇಳಿದು ಜರೀಗಿಡದ ಕೆಳಗೆ ಇಲಿಯ ಥರ ಓಡಿತು. ಓಡಿದ ಸದ್ದೂ ಕೇಳಿತು! ಹತ್ತು ಗ್ರಾಂ ಹಕ್ಕಿ ಒಣ ಎಲೆಯ ಮೇಲೆ ಕಾಲಿಟ್ಟ ಸದ್ದು.

ಕಲ್ಲಿಗೆ ಹೋಗುವ ಕವಲುದಾರಿ ಉದ್ಯಾನದ ನಕ್ಷೆಯಲ್ಲಿ ಇಲ್ಲ. ಮೌಂಟ್ ಟಾಮ್ ಕ್ರೀಕ್ ಕಡೆಗಿನ ತಿರುವು ದಾಟಿ ಸ್ವಲ್ಪ ಮುಂದೆ, ಎಡಕ್ಕೆ ಒಂದು ಸ್ಪ್ರೂಸ್ ಮರ ಬೇರುಗಳ ಮೇಲೆ ಕಾಲು ಅಗಲಿಸಿ ನಿಂತಿದೆ. ಈ ಮರಗಳು ಹಾಗೆ ನಿಲ್ಲುವುದಕ್ಕೂ ಕಾರಣ ಉಂಟು. ಬಿದ್ದ ಮರದ ಬೆನ್ನ ಮೇಲೆ ಸಸಿ ಮೊಳೆಯುತ್ತದೆ, ಬೇರು ಎರಡೂ ಕಡೆ ಇಳಿದು ನೆಲ ಮುಟ್ಟುತ್ತದೆ, ನೂರಾರು ವರ್ಷದಲ್ಲಿ ಕೆಳಗಿನ ಮರ ಕೊಳೆತು ಮಣ್ಣಾಗಿ ಅದರ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿಯ ಮೂಲಕ ನುಸುಳಿ, ಕೆಸರಿನಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಹೆಜ್ಜೆಗಳ ಪಕ್ಕ ನಡೆದು ಹೋದರೆ ದಿಮ್ಮಿ, ಅದರ ಮೇಲೆ ಕೆಂಪು ಕಲ್ಲು. ಅಂಗೈಗಿಂತ ಚಿಕ್ಕದು. ಕ್ವಿಲ್ಯೂಟ್ ಬುಡಕಟ್ಟಿನ ಹಿರಿಯರೊಬ್ಬರು ಹೆಂಪ್ಟನ್‌ಗೆ ಕೊಟ್ಟ ಕಲ್ಲಂತೆ. ಅದನ್ನು ನೋಡಿದರೆ ವಿಶೇಷ ಏನೂ ಅನ್ನಿಸುವುದಿಲ್ಲ, ನೋಡಲು ಇರುವ ವಸ್ತುವೂ ಅಲ್ಲ ಅದು.

ಮಾತಿಲ್ಲದೆ ಕೂತೆವು. ಶುರುವಿನಲ್ಲಿ ನನ್ನದೇ ಸದ್ದು. ಜಾಕೆಟ್ಟಿನ ತೋಳು ಸರಿದಾಡಿದ್ದು, ಉಗುಳು ನುಂಗಿದ್ದು, ನಡೆದ ಏದುಸಿರು. ಅದು ಇಳಿಯಲು ಎಷ್ಟೋ ಹೊತ್ತು ಬೇಕಾಯಿತು. ಆಮೇಲೆ ಹತ್ತಿರದ್ದು: ಹಿಂದಿನ ರಾತ್ರಿಯ ಮಳೆ ಮರದಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಎಲ್ಲ ಹನಿಯೂ ಒಂದೇ ಅಲ್ಲ. ಪಾಚಿಯ ಮೇಲೆ ಬಿದ್ದದ್ದು ಕೇಳುವುದೇ ಇಲ್ಲ, ಮೇಪಲ್ ಎಲೆಯ ಮೇಲೆ ಬಿದ್ದದ್ದು 'ತಟ್', ಕೊಳೆತ ಮರದ ಮೇಲೆ ಬಿದ್ದದ್ದು ಒಳಗೆ ಪೊಳ್ಳು ಇದ್ದರೆ 'ಡುಬ್'. ಕಣ್ಣು ಮುಚ್ಚಿ ಕೂತು ಹನಿಗಳ ಸದ್ದಿನಿಂದಲೇ ಎಲ್ಲಿ ಎಲೆ ಇದೆ, ಎಲ್ಲಿ ಕೊಂಬೆ ಇದೆ ಅಂತ ಹೇಳಬಹುದಿತ್ತು. ಆಮೇಲೆ ದೂರದ್ದು: ಇನ್ನೊಂದು ರೆನ್, ಅದರಾಚೆ ಅದಕ್ಕೆ ಉತ್ತರ ಕೊಡುವ ಮತ್ತೊಂದು ರೆನ್, ಎಲ್ಲದರ ಹಿಂದೆ ನದಿ. ಕೂತ ಜಾಗದಲ್ಲೇ ಕೂತಿದ್ದರೂ ನಾನಿರುವ ಕೋಣೆ ದೊಡ್ಡದಾಗುತ್ತಾ ಹೋಯಿತು. ಇಲ್ಲಿಯ ವಿಷಯ ಸದ್ದಿಲ್ಲ ಅನ್ನುವುದಲ್ಲ, ಎಷ್ಟು ದೂರದ ಸದ್ದು ತಲುಪುತ್ತದೆ ಅನ್ನುವುದು.

ಭಾವನ ಆ್ಯಪ್ ಮೂವತ್ತರ ಹತ್ತಿರ ನಿಂತು ಕೆಳಗೆ ಇಳಿಯಲಿಲ್ಲ. ಫೋನಿನ ಮೈಕ್ ಮಾಡುವ ಒಳಗಿನ ಗುಸುಗುಸುವೇ ಅಷ್ಟಿರುತ್ತದೆ. ಕಾಡು ಅಳತೆಗೆ ಸಿಗಲಿಲ್ಲ, ಫೋನು ತನ್ನನ್ನೇ ಅಳೆದುಕೊಂಡಿತು.

ಹೆಂಪ್ಟನ್ ಅವರ ಅಳತೆಗೋಲು ಬೇರೆ. ಹಗಲಿನಲ್ಲಿ 15 ನಿಮಿಷ ಮನುಷ್ಯರ ಯಾವ ಸದ್ದೂ ಬರದಿದ್ದರೆ ಅದು ಪ್ರಶಾಂತ ಜಾಗ. ಕೇಳಲು ಕಡಿಮೆ ಅನ್ನಿಸುತ್ತದೆ. ನೀವಿರುವಲ್ಲಿ ಒಮ್ಮೆ ಪ್ರಯತ್ನಿಸಿ ನೋಡಿ, ಹದಿನೈದು ಬಿಡಿ, ಎರಡು ನಿಮಿಷ ಸಿಕ್ಕರೆ ಹೇಳಿ.

ನಮಗೆ ಒಂದು ಹದಿನೈದು ನಿಮಿಷ ದಾಟಿತ್ತು. ಆಮೇಲೆ ಅದು ಬಂತು. ಮೊದಲು ಗುಡುಗು ಅಂದುಕೊಳ್ಳುವಂಥ ಗುಂಯ್, ಆಮೇಲೆ ಆಕಾಶ ಪೂರ್ತಿ. ಈ ಪರ್ಯಾಯ ದ್ವೀಪದ ಮೇಲೆ ಯುದ್ಧವಿಮಾನಗಳ ತರಬೇತಿ ನಡೆಯುತ್ತದೆ, ಹೆಚ್ಚಾಗಿ ವಾರದ ದಿನಗಳಲ್ಲಿ. ಮೋಡದ ಮೇಲೆ ಇತ್ತು, ಕಾಣಲಿಲ್ಲ. ಹನಿ ಹೋಯಿತು, ರೆನ್ ಹೋಯಿತು, ನದಿಯೂ ಹೋಯಿತು. ಹೊರಟುಹೋದ ಮೇಲೂ ಕಣಿವೆಯಲ್ಲಿ ಅದರ ಬಾಲ ಬಹಳ ಹೊತ್ತು ಎಳೆಯಿತು. ಭಾವ ಒಂದು ಮಾತು ಅಂದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಇದರ ಹಿಂದಿನ ಲೆಕ್ಕ ಗೊತ್ತಾದರೆ ಇನ್ನೂ ಬೇಜಾರು. ಹಿನ್ನೆಲೆಯ ಸದ್ದು ಬರೀ 3 ಡೆಸಿಬಲ್ ಏರಿದರೆ ಒಂದು ಪ್ರಾಣಿಗೆ ಕೇಳಿಸುವ ಪ್ರದೇಶ ಅರ್ಧಕ್ಕೆ ಇಳಿಯುತ್ತದೆ. ಮೂರು ಡೆಸಿಬಲ್ ಅಂದರೆ ನಮ್ಮ ಕಿವಿಗೆ ವ್ಯತ್ಯಾಸ ತಿಳಿದೂ ತಿಳಿಯದಷ್ಟು. ಎಲೆಯಡಿಯ ಇಲಿಯನ್ನು ಸದ್ದಿನಿಂದಲೇ ಹಿಡಿಯುವ ಗೂಬೆಗೆ ಅದು ಅರ್ಧ ಹೊಲ ಕಳೆದುಕೊಂಡಂತೆ. ಇಲಿಗೂ ಅಷ್ಟೇ, ಗೂಬೆ ಬರುವುದು ತಡವಾಗಿ ಗೊತ್ತಾಗುತ್ತದೆ. ಐಡಹೊ ರಾಜ್ಯದಲ್ಲಿ ಒಂದು ಪ್ರಯೋಗ ಮಾಡಿದ್ದರು. ರಸ್ತೆಯೇ ಇಲ್ಲದ ಗುಡ್ಡದ ಮೇಲೆ ಸಾಲಾಗಿ ಸ್ಪೀಕರ್ ಇಟ್ಟು ವಾಹನಗಳ ಸದ್ದು ಹಾಕಿದರು. ಹೊಗೆ ಇಲ್ಲ, ಚಕ್ರ ಇಲ್ಲ, ಬೆಳಕಿಲ್ಲ, ಬರೀ ಸದ್ದು. ವಲಸೆ ಬಂದು ಅಲ್ಲಿ ತಂಗುತ್ತಿದ್ದ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ ಆಯಿತು.

ವಾಪಸ್ ಬರುವಾಗ, ಮೇಪಲ್ ಮರಗಳ ನಡುವೆ ಭಾವ ನಿಂತರು. "ಯಾರೋ ದೂರದಲ್ಲಿ ಮೋಟರ್ ಸ್ಟಾರ್ಟ್ ಮಾಡ್ತಿದ್ದಾರೆ, ಹಿಡೀತಾ ಇಲ್ಲ." ನನಗೆ ಏನೂ ಕೇಳಲಿಲ್ಲ. ಮತ್ತೆ ನಿಂತರು. "ಕೇಳೋದಲ್ಲ ಕಣಯ್ಯಾ, ಎದೆಗೆ ಬಡೀತಾ ಇದೆ." ಆಗ ನನಗೂ ಸಿಕ್ಕಿತು. ಧಬ್... ಧಬ್... ಧಬ್ ಧಬ್ ಧಬ್ಧಬ್ಧಬ್, ಕಡೆಗೆ ಎಲ್ಲ ಸೇರಿ ಒಂದೇ ಗುಡುಗುಡು. ರಫ್ಡ್ ಗ್ರೌಸ್ ಅನ್ನುವ ಕಾಡುಕೋಳಿ ಜಾತಿಯ ಗಂಡು, ಬಿದ್ದ ಮರದ ಮೇಲೆ ನಿಂತು ರೆಕ್ಕೆಯಿಂದ ಗಾಳಿಯನ್ನು ಬಡಿಯುವುದು ಹೀಗೆ. ಗಂಟಲಿನ ಕೂಗಲ್ಲ. ಸುಮಾರು 40 ಹರ್ಟ್ಜ್, ಅಂದರೆ ಸೆಕೆಂಡಿಗೆ ನಲವತ್ತು ಕಂಪನ, ಮನುಷ್ಯನ ಕಿವಿಯ ತಳಮಟ್ಟದ ಹತ್ತಿರ. ಅಷ್ಟು ತಗ್ಗಿನ ದನಿ ಯಾವ ಕಡೆಯಿಂದ ಬರುತ್ತಿದೆ ಅಂತ ಹೇಳುವುದೂ ಕಷ್ಟ. ಮಾತು ಜಾಸ್ತಿ ಅಂತ ಯಾರನ್ನು ಗೇಲಿ ಮಾಡಿದ್ದೆನೋ ಅವರಿಗೇ ಮೊದಲು ಸಿಕ್ಕಿತ್ತು. ಆ ಸಂಜೆ ಪೂರ್ತಿ ಅವರ ಮುಖ ನೋಡಬೇಕಿತ್ತು.

ಶನಿವಾರ

ವಾರಾಂತ್ಯ. ವಿಮಾನ ಇಲ್ಲ, ಜನ ಇದ್ದಾರೆ. ಹಾಲ್ ಆಫ್ ಮಾಸಸ್ ಅನ್ನುವ ಸಣ್ಣ ಸುತ್ತುದಾರಿ, ಒಂದು ಕಿಲೋಮೀಟರ್‌ಗಿಂತ ತುಸು ಜಾಸ್ತಿ, ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಜಾಗ. ಹತ್ತು ಗಂಟೆಗೆ ಕಾರು ನಿಲ್ಲಿಸಲು ಸಾಲು. ನಾವು ಬೇಗ ಹೋಗಿದ್ದರಿಂದ ಅರ್ಧ ಗಂಟೆ ಸಿಕ್ಕಿತು, ಆಮೇಲೆ ಮಾತು, ನಗು, ಫೋನಿನಿಂದ ಹಾಡು, "ಇಲ್ನೋಡು, ಇಲ್ನೋಡು" ಅನ್ನುವುದು ಎಲ್ಲ ಭಾಷೆಯಲ್ಲೂ.

ಜನರನ್ನು ಬೈಯುವುದು ಸುಲಭ. ನನಗೆ ಮನಸ್ಸಾಗಲಿಲ್ಲ. ಕಾಡಿಗೆ ಬಂದರೆ ಕೇಳಬೇಕು ಅಂತ ಯಾರಿಗೂ ಯಾರೂ ಹೇಳಿರುವುದಿಲ್ಲ, ಎಲ್ಲ ಫಲಕಗಳೂ 'ನೋಡಿ' ಅನ್ನುತ್ತವೆ. ಹೇಳಿದರೆ ಜನ ಕೇಳುತ್ತಾರೆ ಅನ್ನುವುದಕ್ಕೆ ಉದಾಹರಣೆಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಮ್ಯೂರ್ ವುಡ್ಸ್ ಕಾಡಿನ ಒಂದು ಭಾಗದಲ್ಲಿ 'ಇದು ಸದ್ದು ಮಾಡದ ಜಾಗ' ಅಂತ ಬರೀ ಒಂದು ಫಲಕ ಹಾಕಿ ಅಳೆದು ನೋಡಿದರು. ಗದ್ದಲ ಸುಮಾರು 3 ಡೆಸಿಬಲ್ ಇಳಿಯಿತು. ನಿನ್ನೆಯ ಲೆಕ್ಕ ತಿರುಗಿಸಿ ಹಾಕಿ: ಒಂದು ಫಲಕದಿಂದ ಕೇಳಿಸುವ ಪ್ರದೇಶ ಎರಡರಷ್ಟಾಯಿತು. ಯಾರನ್ನೂ ಹೊರಗೆ ಹಾಕಲಿಲ್ಲ, ದಂಡ ಹಾಕಲಿಲ್ಲ. ವಿಮಾನಕ್ಕೆ ಫಲಕ ಹಾಕುವಂತಿಲ್ಲ ಅನ್ನುವುದೊಂದೇ ಕಷ್ಟ.

ಜನ ಬರುವ ಮೊದಲಿನ ಆ ಅರ್ಧ ಗಂಟೆಯ ವಿಷಯಕ್ಕೆ ಬರುತ್ತೇನೆ. ಒಂದು ಹೆಮ್ಲಾಕ್ ಮರದ ಮೇಲಿನಿಂದ ಸೂಜಿಯಷ್ಟು ತೆಳುವಾದ 'ಸೀ ಸೀ ಸೀ' ಬರುತ್ತಿತ್ತು. ಗೋಲ್ಡನ್ ಕ್ರೌನ್ಡ್ ಕಿಂಗ್ಲೆಟ್. ನಾನು ಬೆರಳು ತೋರಿಸಿದೆ.

"ಅಲ್ಲಿ, ಮೇಲೆ. ಕೇಳ್ತಾ?"

"ಏನು?"

"ಹಕ್ಕಿ ಭಾವ. ಈಗ ಮತ್ತೆ ಕೂಗ್ತು."

"ಯಾವಾಗ?"

ಹಕ್ಕಿ ಕೆಳಗಿನ ಕೊಂಬೆಗೆ ಬಂತು. ಐದಾರು ಗ್ರಾಂ ಇರುವ ಹಕ್ಕಿ, ನೆತ್ತಿಯ ಮೇಲೆ ಹಳದಿ ಪಟ್ಟೆ. ಈಗ ಭಾವನ ಕಣ್ಣಿಗೆ ಬಿತ್ತು. ಬಾಯಿ ತೆರೆಯುವುದು ಕಾಣುತ್ತಿತ್ತು, ಕೊರಳು ನಡುಗುವುದು ಕಾಣುತ್ತಿತ್ತು. ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವರಿಗೆ ಏನೂ ಇಲ್ಲ. ಅದು ಕೂಗುವುದು 8,000 ಹರ್ಟ್ಜ್ ಆಸುಪಾಸಿನಲ್ಲಿ. ವಯಸ್ಸಾದಂತೆ ಮನುಷ್ಯನ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ದನಿಗಳನ್ನೇ, ಒಳಗಿವಿಯ ಶಂಖದಲ್ಲಿರುವ ಕೂದಲಿನಂಥ ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಹಳೇ ಹಕ್ಕಿವೀಕ್ಷಕರು 'ಈಗೀಗ ಕಿಂಗ್ಲೆಟ್‌ಗಳು ಕಡಿಮೆಯಾಗಿವೆ' ಅಂದರೆ ಹಕ್ಕಿ ಕಡಿಮೆಯಾಗಿದೆಯೋ ಕಿವಿ ಕಡಿಮೆಯಾಗಿದೆಯೋ ನೋಡಬೇಕು.

ಭಾವ ಬಹಳ ಹೊತ್ತು ತಲೆ ಎತ್ತಿಕೊಂಡೇ ನಿಂತರು. ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಹಿಡಿದು ನೋಡಿದರು, ತಲೆ ಆ ಕಡೆ ಈ ಕಡೆ ತಿರುಗಿಸಿದರು. "ಅದು ಕೂಗ್ತಾ ಇದೆ ಅಂತ ನೀನು ಹೇಳದೇ ಇದ್ದಿದ್ರೆ ನನ್ನ ಪಾಲಿಗೆ ಈ ಮರ ಖಾಲಿ, ಅಲ್ವಾ?" ಅಂದರು. ನಾನು ಏನೂ ಹೇಳಲಿಲ್ಲ. ಮುಂದಿನ ಮರಕ್ಕೆ ಹೋಗುವಾಗ ಅವರೇ ಕೇಳಿದರು, "ಈಗ?" "ಇದೆ." ಇನ್ನೊಂದು ಮರ. "ಇಲ್ಲಿ?" "ಇಲ್ಲ, ಇಲ್ಲಿಲ್ಲ." ಹಾಗೇ ಸುತ್ತು ಮುಗಿಯುವ ತನಕ.

ನನಗೆ ಆಗ ನೆನಪಾಗಿದ್ದು ಬರ್ನಿ ಕ್ರೌಸ್ ಅನ್ನುವವರು ಮಾಡಿದ ಮುದ್ರಣ. 1988ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತದ ಲಿಂಕನ್ ಮೆಡೋ ಅನ್ನುವ ಜಾಗದಲ್ಲಿ ಅವರು ನಸುಕಿನ ಹಕ್ಕಿಗಳ ಮೇಳ ಮುದ್ರಿಸಿದರು. ಅಲ್ಲೊಂದು ಇಲ್ಲೊಂದು ಮರ ಆರಿಸಿ ಕಡಿಯುತ್ತೇವೆ, ಕಾಡಿಗೆ ಏನೂ ಆಗುವುದಿಲ್ಲ ಅಂತ ಮರದ ಕಂಪನಿಯವರು ಊರವರಿಗೆ ಹೇಳಿದ್ದರು. ಮರುವರ್ಷ ಅದೇ ತಿಂಗಳು, ಅದೇ ಜಾಗ. ಫೋಟೊ ತೆಗೆದರೆ ಏನೂ ಬದಲಾಗಿರಲಿಲ್ಲ, ಅದೇ ಹುಲ್ಲುಗಾವಲು, ಅದೇ ಮರಗಳ ಗೋಡೆ. ಮುದ್ರಣದಲ್ಲಿ ಮಾತ್ರ ತೊರೆಯ ಸದ್ದು, ಒಂದು ಮರಕುಟಿಗ, ಅಷ್ಟೇ. ಕಣ್ಣು ಸರಿ ಇದೆ ಅಂದ ಕಾಡು ಕಿವಿಗೆ ಖಾಲಿ. ಕಾಡು ಹೇಗಿದೆ ಅಂತ ತಿಳಿಯಲು ಕಣ್ಣೊಂದನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ.

ಎದುರು ಬದಿಯ ಸುದ್ದಿಯೂ ಇದೆ, ಬೇಜಾರೊಂದೇ ಅಲ್ಲ. 2020ರಲ್ಲಿ ಕೊರೋನಾ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಾಹನಗಳು ನಿಂತಾಗ ಅಲ್ಲಿಯ ಬಿಳಿಪಟ್ಟೆ ನೆತ್ತಿಯ ಗುಬ್ಬಿಗಳು ಏನು ಮಾಡಿದವು ಅಂತ ಹಳೇ ಮುದ್ರಣಗಳ ಜೊತೆ ಹೋಲಿಸಿ ನೋಡಿದರು. ಗದ್ದಲ 1950ರ ದಶಕದ ಮಟ್ಟಕ್ಕೆ ಇಳಿದಿತ್ತು. ಗುಬ್ಬಿಗಳು ಕಿರುಚುವುದು ಬಿಟ್ಟು ಮೆಲ್ಲಗೆ ಹಾಡಿದವು, ಆದರೂ ಹಾಡು ಎರಡರಷ್ಟು ದೂರ ತಲುಪಿತು, ಅದೂ ಕೆಲವೇ ವಾರಗಳಲ್ಲಿ. ನಾವು ಸುಮ್ಮನಾದರೆ ಅವು ಕಾಯುತ್ತಾ ಕೂರುವುದಿಲ್ಲ.

ಮಧ್ಯಾಹ್ನ ಮಳೆ ಹಿಡಿಯಿತು. ಟೆಂಟಿನ ಮೇಲೆ ಮಳೆ ಬಿದ್ದಾಗ ಬೇರೇನೂ ಕೇಳುವುದಿಲ್ಲ, ಮಲಗಿ ನಿದ್ದೆ ಮಾಡಿದೆವು.

ಭಾನುವಾರ

ಟೆಂಟ್ ಬಿಚ್ಚಿ ಕಡಲಿಗೆ ಹೊರಟೆವು, ರಿಯಾಲ್ಟೊ ಬೀಚ್. ಮರಳಿಗಿಂತ ನುಣುಪು ಕಲ್ಲು ಜಾಸ್ತಿ ಇರುವ ದಡ. ಅಲೆ ಹಿಂದೆ ಸರಿಯುವಾಗ ಕಲ್ಲುಗಳೆಲ್ಲ ಒಂದಕ್ಕೊಂದು ಬಡಿದು ಗಲಗಲ ಅನ್ನುತ್ತಾ ಕೆಳಗೆ ಉರುಳುತ್ತವೆ. ಬರುವ ಅಲೆಯ ಸದ್ದಿಗಿಂತ ಹೋಗುವ ಅಲೆಯ ಸದ್ದು ಚಂದ ಇಲ್ಲಿ.

ದಡದ ಮೇಲ್ಭಾಗದಲ್ಲಿ ನದಿಗಳು ಹೊತ್ತು ತಂದು ಸಮುದ್ರ ವಾಪಸ್ ಎಸೆದ ದೊಡ್ಡ ದೊಡ್ಡ ಮರಗಳು, ಬಿಸಿಲಿಗೆ ಬೆಳ್ಳಗಾಗಿ ರಾಶಿ ಬಿದ್ದಿವೆ. ಸಿಟ್ಕಾ ಸ್ಪ್ರೂಸ್ ಕೂಡ ಇವೆ. ಪಿಯಾನೊದ ಒಳಹಲಗೆಗೆ, ಗಿಟಾರಿನ ಮುಖಕ್ಕೆ ಇದೇ ಮರ ಬಳಸುತ್ತಾರೆ. ಹಗುರ, ಬಿಗಿ, ನೇರ ಎಳೆ. ಮರದ ಎಳೆಯ ಉದ್ದಕ್ಕೆ ಸದ್ದು ಗಾಳಿಗಿಂತ ಹತ್ತು ಪಟ್ಟಿಗೂ ವೇಗವಾಗಿ ಹರಿಯುತ್ತದೆ. ತಮಾಷೆ ಅಂದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನ ಕಟ್ಟಲು ಬೇಕು ಅಂತ ಸೈನಿಕರನ್ನೇ ಕಳಿಸಿ ಈ ಸೀಮೆಯ ಸ್ಪ್ರೂಸ್ ಕಡಿಸಿದ್ದರು. ಶುಕ್ರವಾರ ಕಲ್ಲಿನ ಹತ್ತಿರ ಕೇಳಿದ ಗುಡುಗಿನ ಪೂರ್ವಜರು ಇದೇ ಮರದಿಂದ ಹುಟ್ಟಿದವು.

ಹೆಂಪ್ಟನ್ ಈ ದಡದ ಪೊಳ್ಳು ದಿಮ್ಮಿಯೊಳಗೆ ಮೈಕ್ ಇಟ್ಟು ಸಮುದ್ರವನ್ನು ಮುದ್ರಿಸಿದ್ದಾರೆ. ನಾವೂ ಒಂದು ದೊಡ್ಡ ಬೊಡ್ಡೆ ಹುಡುಕಿದೆವು. ಅಲೆ ಮುಟ್ಟದಷ್ಟು ಮೇಲಿರುವುದನ್ನೇ ಆರಿಸಬೇಕು, ಉಬ್ಬರದ ಹೊತ್ತಿನಲ್ಲಿ ಈ ದಿಮ್ಮಿಗಳು ತೇಲಿ ಉರುಳಿ ಜನರನ್ನು ಕೊಂದಿವೆ, ದಡದಲ್ಲೇ ಎಚ್ಚರಿಕೆ ಬರೆದಿದ್ದಾರೆ. ಬೇರಿನ ಕಡೆ ಒಂದು ಗೂಡಿತ್ತು, ತಲೆ ತೂರಿಸುವಷ್ಟು ಅಗಲ. ತೂರಿಸಿದೆ. ಹೊರಗಿನ ಗಲಗಲ, ಅಲೆ ಒಡೆಯುವ ಚಟಚಟ ಎಲ್ಲ ಕತ್ತರಿಸಿದ ಹಾಗೆ ಹೋಯಿತು. ಉಳಿದದ್ದು ಕೆಳಗಿನ ದನಿ ಮಾತ್ರ. ಅಲೆ ನೆಲಕ್ಕೆ ಬೀಳುವ ಪೆಟ್ಟು ಮರದೊಳಗೆ ಸುತ್ತಿ ಸುತ್ತಿ ಮೆಲ್ಲಗೆ ಇಳಿಯುವುದು, ಅಷ್ಟರಲ್ಲಿ ಇನ್ನೊಂದು. ಕೆನ್ನೆ ಮರಕ್ಕೆ ತಾಗಿದಾಗ ದವಡೆಯ ಮೂಳೆಗೂ ಬಂತು.

ಭಾವ ನನಗಿಂತ ಜಾಸ್ತಿ ಹೊತ್ತು ಒಳಗೆ ತಲೆ ಇಟ್ಟುಕೊಂಡು ನಿಂತರು. ಹಿಂದಿನಿಂದ ಹೋಗುತ್ತಿದ್ದವರು ಇವರಿಗೇನಾಯಿತು ಅಂತ ನನ್ನನ್ನು ನೋಡಿದರು. ಒಬ್ಬ ಹುಡುಗ ಕೇಳಿಯೇಬಿಟ್ಟ. ಭಾವ ತಲೆ ಹೊರಗೆ ತೆಗೆದು ಅವನಿಗೆ ಜಾಗ ಬಿಟ್ಟುಕೊಟ್ಟರು. ಆಮೇಲೆ ಅವನ ತಂಗಿ, ಆಮೇಲೆ ಅವರ ಅಮ್ಮ. ಸಾಲು ನಿಂತಿತು.

ಫೆರಿಯ ಸಾಲಿನಲ್ಲಿ ಕಾರು ನಿಂತಿದ್ದಾಗ ಭಾವ ಫೋನ್ ತೆಗೆದು ಕಿವಿ ಪರೀಕ್ಷೆಗೆ ಸಮಯ ಗೊತ್ತು ಮಾಡಿಕೊಂಡರು. ಅಕ್ಕ ಎಷ್ಟೋ ವರ್ಷದಿಂದ ಹೇಳುತ್ತಿದ್ದಳಂತೆ. ಸಾಮಾನ್ಯ ಪರೀಕ್ಷೆಯಲ್ಲಿ 8,000 ಹರ್ಟ್ಜ್‌ವರೆಗೆ ಮಾತ್ರ ನೋಡುತ್ತಾರೆ ಅಂತ ನಾನು ಹೇಳಿದೆ.

"ನಿನ್ನ ಆ ಹಕ್ಕಿ ಎಷ್ಟರಲ್ಲಿ ಕೂಗುತ್ತೆ ಅಂದೆ?"

"ಅಲ್ಲೇ, ಎಂಟು ಸಾವಿರದ ಹತ್ತಿರ."

"ಸರಿ. ಅದರ ಕೆಳಗಿನವು ಯಾವ್ಯಾವು ಅಂತ ಒಂದು ಪಟ್ಟಿ ಬರೆದುಕೊಡು. ಅವು ಮೊದಲು."